ಮನೆತನದ ಟಾರ್ಟನ್: ಸ್ಕ್ರೀನ್ ಮೇಲೆ ಚೆನ್ನಾಗಿದೆ, ನೇಯ್ದ ಮೇಲೆ ಪಟ್ಟೆ ದಪ್ಪ, ಬಣ್ಣ ಮಂಕು

ಇಳಕಲ್ಲಿನ ಸೊಸೆ:

ಎಲ್ಲರಿಗೂ ನಮಸ್ಕಾರ. ನಾವು ಇಳಕಲ್ ಕಡೆಯವರು, ಈಗ ಇರುವುದು ಗ್ಲಾಸ್ಗೋದಲ್ಲಿ. ಮಗನ ಮದುವೆ ನಿಶ್ಚಯವಾಗಿದೆ. ಬೀಗರು ಇಲ್ಲಿನವರೇ. ಅವರ ಮನೆಯ ಗಂಡಸರೆಲ್ಲ ಮದುವೆಗೆ ತಮ್ಮ ಕುಲದ ಟಾರ್ಟನ್ (ಬಣ್ಣದ ಪಟ್ಟೆಗಳ ಚೌಕಳಿ ಬಟ್ಟೆ) ಕಿಲ್ಟ್ ಉಡುತ್ತಾರೆ, ಅಂದರೆ ಸೊಂಟಕ್ಕೆ ಸುತ್ತುವ ನೆರಿಗೆಯ ಉಡುಪು. ನಮ್ಮ ಮನೆಗೂ ಒಂದು ಟಾರ್ಟನ್ ಇರಲಿ ಅಂತ ಮಗನಿಗೆ ಆಸೆ.

ಅತ್ತೆಯವರ ಸೀರೆಗಳಿಂದಲೇ ಬಣ್ಣ ಆರಿಸಿದೆ. ತೋಪು ತೆನಿ ಸೆರಗಿನ ದಾಳಿಂಬೆ ಕೆಂಪು ಮತ್ತು ಬಿಳಿ, ಒಡಲಿನ ಕಡುನೀಲಿ, ಇನ್ನೊಂದು ಸೀರೆಯ ನವಿಲು ಹಸಿರು. ಜೊತೆಗೆ ಅರಿಶಿನದ ಹಳದಿ. ಎಳೆ ಲೆಕ್ಕ ಹೀಗಿದೆ: ಕೆಂಪು 48, ಬಿಳಿ 4, ಕೆಂಪು 12, ನೀಲಿ 40, ಹಸಿರು 40, ಹಳದಿ 6. ಅಲ್ಲಿಂದ ತಿರುಗಿ ವಾಪಸ್.

ಕಂಪ್ಯೂಟರಿನಲ್ಲಿ ತುಂಬಾ ಚೆನ್ನಾಗಿ ಕಾಣುತ್ತಿತ್ತು. ಇಲ್ಲಿ ಕೈಮಗ್ಗದವರೊಬ್ಬರಿಂದ ಒಂದು ತುಂಡು ನೇಯಿಸಿದೆ. ನಾಜೂಕಾಗಿರಬೇಕಿದ್ದ ಹಳದಿ ಗೆರೆ ದಪ್ಪಗಿದೆ, ಕೆಂಪು ಪಟ್ಟೆಯೂ ವಿಪರೀತ ದೊಡ್ಡದು. ದೂರದಿಂದ ನೋಡಿದರೆ ಎಲ್ಲಾ ಕಂದು ಕಂದು. ಚೌಕಳಿಯೂ ಚೌಕವಾಗಿಲ್ಲ, ಉದ್ದಕ್ಕೆ ಎಳೆದ ಹಾಗಿದೆ. ಎಲ್ಲಿ ಸರಿಮಾಡಬೇಕು?

ಹಾಸುಹೊಕ್ಕು:

ಅಕ್ಕಾ, ಫೋಟೋ ನೋಡಿದೆ. ಇವು ಮೂರೂ ಬೇರೆ ಬೇರೆ ಸಮಸ್ಯೆ, ಒಟ್ಟಿಗೆ ಹಿಡಿದರೆ ಗೊಂದಲ ಆಗುತ್ತದೆ. ಮೊದಲು ಅಳತೆ ಹೇಳಿ. ಇಂಚಿಗೆ ಎಷ್ಟು ಎಳೆ ಹಾಕಿದ್ದಾರೆ? ದೊಡ್ಡ ಕೆಂಪು ಪಟ್ಟೆ ಎಷ್ಟು ಅಗಲ? ಒಂದು ಕೆಂಪಿನ ನಡುವಿನಿಂದ ಮುಂದಿನ ದೊಡ್ಡ ಕೆಂಪಿನ ನಡುವಿನವರೆಗೆ ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು? ಬಟ್ಟೆಯನ್ನು ಒಗೆದಿದ್ದಾರಾ, ಇಲ್ಲ ಮಗ್ಗದಿಂದ ಇಳಿಸಿ ಹಾಗೇ ಕೊಟ್ಟಿದ್ದಾರಾ?

ಇಳಕಲ್ಲಿನ ಸೊಸೆ:

ಹಾಸಿನಲ್ಲಿ, ಅಂದರೆ ಉದ್ದಕ್ಕೆ ಓಡುವ ಎಳೆಗಳಲ್ಲಿ, ಇಂಚಿಗೆ 36 ಎಳೆ ಅಂದರು. ಕೆಂಪು ಪಟ್ಟೆ ಸುಮಾರು 2.7 ಇಂಚು. ಅಡ್ಡಕ್ಕೆ 8.3, ಉದ್ದಕ್ಕೆ 9.1. ಒಗೆದಿಲ್ಲ, ಹಾಗೇ ಕೊಟ್ಟಿದ್ದಾರೆ.

ಹಾಸುಹೊಕ್ಕು:

ಸಿಕ್ಕಿತು ನೋಡಿ. 48 ಎಳೆಯನ್ನು 36ರಿಂದ ಭಾಗಿಸಿದರೆ 1.3 ಇಂಚು ಬರಬೇಕು. ನಿಮಗೆ ಬಂದಿರುವುದು ಅದರ ಎರಡರಷ್ಟು, ಅಂದರೆ 96 ಎಳೆ. ಹಳದಿಯೂ 6 ಇರಬೇಕಾದಲ್ಲಿ 12 ಆಗಿದೆ. ಬೇರೆ ಪಟ್ಟೆಗಳು ಸರಿಯಾಗೇ ಇವೆ, ಅಳೆದು ನೋಡಿ.

ಕಾರಣ ಇದು. ನಿಮ್ಮದು ಕನ್ನಡಿಯ ಹಾಗೆ ತಿರುಗುವ ಟಾರ್ಟನ್. ಮೊದಲ ಪಟ್ಟೆ ಮತ್ತು ಕೊನೆಯ ಪಟ್ಟೆ ತಿರುಗುವ ಜಾಗ, ಅದಕ್ಕೆ ಪಿವಟ್ ಅನ್ನುತ್ತಾರೆ. ಪಿವಟ್ ಬರೆಯುವುದಕ್ಕೆ ಎರಡು ಪದ್ಧತಿ ಇವೆ. ಒಂದರಲ್ಲಿ ಪಿವಟ್ಟಿನ ಪೂರ್ತಿ ಎಳೆ ಬರೆಯುತ್ತಾರೆ, ಅಂಥ ಕಡೆ ಬಣ್ಣವನ್ನು ಸೂಚಿಸುವ ಅಕ್ಷರಕ್ಕೂ ಎಳೆಯ ಸಂಖ್ಯೆಗೂ ನಡುವೆ ಒಂದು ಓರೆಗೆರೆ ಹಾಕುತ್ತಾರೆ. ಇನ್ನೊಂದರಲ್ಲಿ ಅರ್ಧ ಎಳೆ ಮಾತ್ರ ಬರೆಯುತ್ತಾರೆ, ನೇಯುವವರು ತಿರುಗಿ ಬರುವಾಗ ಅದನ್ನು ಮತ್ತೊಮ್ಮೆ ಹಾಕುತ್ತಾರೆ. ನೀವು ಕೊಟ್ಟ ಚೀಟಿಯಲ್ಲಿ ಓರೆಗೆರೆ ಇಲ್ಲ. ಅವರು ಅರ್ಧ ಅಂತ ಓದಿದ್ದಾರೆ. ಇಬ್ಬರದೂ ತಪ್ಪಲ್ಲ, ಆದರೆ ಬಟ್ಟೆ ಬೇರೆ ಆಯಿತು.

ಪೂರ್ತಿ ಲೆಕ್ಕದಲ್ಲಿ ಒಂದು ಸುತ್ತು, ಅಂದರೆ ವಿನ್ಯಾಸ ಒಮ್ಮೆ ಪೂರ್ತಿ ಬಂದು ಮತ್ತೆ ಶುರುವಾಗುವವರೆಗೆ, 246 ಎಳೆ, 6.8 ಇಂಚು. ಅರ್ಧದ ಲೆಕ್ಕದಲ್ಲಿ 300 ಎಳೆ, ನಿಮಗೆ ಬಂದ 8.3 ಇಂಚು. ಕಿಲ್ಟಿಗೆ ಒಂದು ಸುತ್ತು 5ರಿಂದ 7 ಇಂಚಿನೊಳಗೆ ಇದ್ದರೆ ಹದ. ಅದಕ್ಕಿಂತ ಜಾಸ್ತಿ ಆದರೆ ಒಂದೊಂದು ನೆರಿಗೆಯೂ ಆಳ ಆಗಿ ಹಿಂದೆ ಗಂಟು ಕಟ್ಟಿದ ಹಾಗೆ ದಪ್ಪ ಆಗುತ್ತದೆ.

ಇನ್ನು ಮುಂದೆ ಯಾರಿಗೇ ಕೊಡಲಿ, ಓರೆಗೆರೆ ಹಾಕಿ, ಕೆಳಗೆ ‘ಒಂದು ಪೂರ್ತಿ ಸುತ್ತಿಗೆ ಒಟ್ಟು 246 ಎಳೆ’ ಅಂತ ಮಾತಿನಲ್ಲೂ ಬರೆಯಿರಿ. ಆ ಒಂದು ಸಾಲು ಇದ್ದರೆ ಯಾರೂ ಬೇರೆ ಥರ ಓದುವುದಕ್ಕೆ ಆಗುವುದಿಲ್ಲ.

ಚೌಕ ಉದ್ದ ಆಗಿರುವುದು ಸುಲಭದ ವಿಷಯ. 300 ಎಳೆ 9.1 ಇಂಚು ಹಿಡಿದಿದೆ ಅಂದರೆ ಹೊಕ್ಕು (ಅಡ್ಡ ಎಳೆ) ಇಂಚಿಗೆ 33 ಮಾತ್ರ ಬಿದ್ದಿದೆ. ಲಾಳಿ ದಾಟಿದ ಮೇಲೆ ಇನ್ನೂ ಸ್ವಲ್ಪ ಬಿಗಿಯಾಗಿ ಹೊಡೆಯಬೇಕು. ಆದರೆ ಉಣ್ಣೆ ನೀರು ಕಂಡ ಮೇಲೆ ಕುಗ್ಗುತ್ತದೆ, ಹಾಸಿನ ಕಡೆ ಒಂದು ಥರ, ಹೊಕ್ಕಿನ ಕಡೆ ಇನ್ನೊಂದು ಥರ. ಹಾಗಾಗಿ ಒಗೆದು ಒಣಗಿಸಿದ ಮೇಲೆ ಅಳೆದು ಆಮೇಲೆ ದೂರಿ.

ನೂಲೆಳೆ:

ಬಣ್ಣದ ವಿಷಯ ನಾನು ಹೇಳುತ್ತೇನೆ ಅಕ್ಕಾ, ನನಗೆ ಇದು ಬಹಳ ಇಷ್ಟದ ಭಾಗ.

ಟಾರ್ಟನ್‌ನಲ್ಲಿ ಹಾಸಿನಲ್ಲಿ ಏನಿದೆಯೋ ಹೊಕ್ಕಿನಲ್ಲೂ ಅದೇ ಕ್ರಮ, ಅದೇ ಲೆಕ್ಕ. ಅಂದ ಮೇಲೆ ಪ್ರತಿ ಬಣ್ಣವೂ ಪ್ರತಿ ಬಣ್ಣವನ್ನೂ ಎಲ್ಲೋ ಒಂದು ಕಡೆ ದಾಟಲೇಬೇಕು. ಐದು ಬಣ್ಣ ಹಾಕಿದ್ದೀರಿ. ಶುದ್ಧ ಬಣ್ಣ ಐದು, ಬೆರಕೆ ಹತ್ತು, ಒಟ್ಟು 15 ಛಾಯೆ. ಬಟ್ಟೆಯಲ್ಲಿ ಬೆರಕೆಯ ಜಾಗವೇ ಜಾಸ್ತಿ. ಕೆಂಪು ಹಸಿರು ಪಕ್ಕಪಕ್ಕ ಇಡದೆ ನಡುವೆ ನೀಲಿ ಹಾಕಿದ್ದೀರಿ, ಒಳ್ಳೆಯದೇ. ಆದರೆ ಅಡ್ಡ ಬರುವ ಹಸಿರು ನಿಂತ ಕೆಂಪನ್ನು ದಾಟುವಾಗ ಯಾವ ನೀಲಿಯೂ ಅದನ್ನು ತಡೆಯುವುದಿಲ್ಲ. ಆ ಜಾಗದಲ್ಲಿ ಟ್ವಿಲ್ ನೇಯ್ಗೆ ಎರಡು ಎಳೆ ಮೇಲೆ, ಎರಡು ಎಳೆ ಕೆಳಗೆ. ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಕೆಂಪು ಹಸಿರು ಓರೆ ಗೆರೆ ಕಾಣುತ್ತವೆ. ನಾಲ್ಕು ಹೆಜ್ಜೆ ಹಿಂದೆ ಹೋದರೆ ಕಣ್ಣು ಅದನ್ನು ಕಂದು ಅಂತಲೇ ಓದುತ್ತದೆ. ಸ್ಕ್ರೀನಿನಲ್ಲಿ ಹತ್ತಿರ ಹಿಗ್ಗಿಸಿ ನೋಡುತ್ತೇವಲ್ಲ, ಅದಕ್ಕೇ ಗೊತ್ತಾಗುವುದಿಲ್ಲ.

ಒಂದು ಪರೀಕ್ಷೆ ಮಾಡಿ. ಕೆಂಪು ನೂಲು ಒಂದು, ಹಸಿರು ನೂಲು ಒಂದು ಸೇರಿಸಿ ಬೆರಳಲ್ಲಿ ಹುರಿ ಮಾಡಿ, ಕೈ ಚಾಚಿ ಹಿಡಿದು ನೋಡಿ. ಅದೇ ನಿಮ್ಮ ಬೆರಕೆ ಬಣ್ಣ. ಹತ್ತೂ ಜೋಡಿಗೆ ಹೀಗೆ ಮಾಡಿದರೆ ಬಟ್ಟೆ ನೇಯಿಸದೆಯೇ ಅರ್ಧ ತೀರ್ಮಾನ ಆಗುತ್ತದೆ. ಜೊತೆಗೆ ನೂಲುಗಳ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ. ದಾಳಿಂಬೆ ಕೆಂಪು, ನವಿಲು ಹಸಿರು ಎರಡೂ ಒಂದೇ ಬೂದು ಬಣ್ಣಕ್ಕೆ ಬಂದರೆ ಚೌಕಳಿ ಕಲಸಿಹೋಗುತ್ತದೆ. ಒಂದು ಕಡು, ಒಂದು ತಿಳಿ ಇರಬೇಕು.

ನನ್ನ ಸಲಹೆ: ಹಸಿರನ್ನು ಬಾಟಲಿ ಹಸಿರಿನ ಕಡೆಗೆ ಕಡು ಮಾಡಿ, 40ರಿಂದ 20ಕ್ಕೆ ಇಳಿಸಿ. ನೀಲಿಯನ್ನು 48ಕ್ಕೆ ಏರಿಸಿ. ಬಿಳಿಯನ್ನು ಮುಟ್ಟಬೇಡಿ, 4 ಎಳೆ ಸಾಕು. ಬಿಳಿ ಅಗಲ ಆದರೆ ಕೆಂಪಿನ ಮೇಲೆ ಗುಲಾಬಿ ಪಟ್ಟೆ ಬರುತ್ತದೆ. ಈಗ ಒಂದು ಸುತ್ತಿಗೆ 222 ಎಳೆ, 6.2 ಇಂಚು. ಎಲ್ಲಾ ಸಮಸಂಖ್ಯೆಯಲ್ಲೇ ಇರಲಿ.

ಕೆಂಪಿನ ನಿಖರ ಛಾಯೆಗೆ ಹಠ ಹಿಡಿಯಬೇಡಿ. ಮಿಲ್ಲಿನವರ ಹತ್ತಿರ ತಮ್ಮದೇ ನೂಲಿನ ಶೇಡ್ ಕಾರ್ಡ್ ಇರುತ್ತದೆ. ಟಾರ್ಟನ್‌ನಲ್ಲಿ ಬಣ್ಣ ಮತ್ತು ಎಳೆಯ ಕ್ರಮ ಮುಖ್ಯ, ಛಾಯೆ ನೇಯುವವರ ಮೇಲೆ ಸ್ವಲ್ಪ ಹೋಗುತ್ತದೆ. ಒಂದೇ ಕುಲದ ಟಾರ್ಟನ್ ‘ಮಾಡರ್ನ್’, ‘ಏನ್ಷಿಯಂಟ್’, ‘ವೆದರ್ಡ್’ ಅಂತ ಗಾಢ, ತಿಳಿ, ಮಾಸಿದ ಬಣ್ಣಗಳಲ್ಲಿ ಸಿಗುವುದು ಅದಕ್ಕೇ. ಕಾರ್ಡಿನ ಪಕ್ಕ ಸೀರೆ ಇಟ್ಟು ಹಗಲು ಬೆಳಕಿನಲ್ಲಿ ಆರಿಸಿ.

ಇಳಕಲ್ಲಿನ ಸೊಸೆ:

ಹುರಿ ಮಾಡಿ ನೋಡಿದೆ, ಆಗಲೇ ಅರ್ಥ ಆಯಿತು. ಬಾಟಲಿ ಹಸಿರು ಮತ್ತು ಕೆಂಪು ಸೇರಿದರೆ ಕಡು ಕಾಫಿ ಬಣ್ಣ ಬರುತ್ತದೆ, ಅದು ನೀಲಿಯ ಪಕ್ಕ ಚೆನ್ನಾಗೇ ಇದೆ.

ಇನ್ನೆರಡು ಪ್ರಶ್ನೆ. ನಾವು ಸ್ಕಾಟಿಷ್ ಅಲ್ಲ, ನಮಗೆ ಟಾರ್ಟನ್ ಮಾಡಿಕೊಳ್ಳುವ ಹಕ್ಕಿದೆಯಾ? ಮಾವನವರಿಗೆ ಇದೇ ಅಳುಕು. ಮತ್ತೆ ಈ ಟಾರ್ಟನ್ ನೋಂದಣಿ ಮಾಡಿಸಲು ಹೆಸರು ಏನು ಕೊಡಬೇಕು? ಮನೆತನದ ಹೆಸರು ಒಂದು, ಮಗನ ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರು ಅವರಪ್ಪನದು.

ಕಿಲ್ಟ್ ಗೆಳೆಯ:

ಧಾರಾಳವಾಗಿ ಮಾಡಿಕೊಳ್ಳಿ. ಮಾವನವರಿಗೆ ಹೇಳಿ, ಕುಲಕ್ಕೊಂದು ಟಾರ್ಟನ್ ಅನ್ನುವ ಪದ್ಧತಿ ಗಟ್ಟಿಯಾದದ್ದೇ 19ನೇ ಶತಮಾನದಲ್ಲಿ. 1746ರ ಕಾನೂನು ಹೈಲ್ಯಾಂಡ್ (ಸ್ಕಾಟ್ಲೆಂಡಿನ ಬೆಟ್ಟಸೀಮೆ) ಗಂಡಸರ ಉಡುಪನ್ನು ನಿಷೇಧಿಸಿತ್ತು, 1782ರಲ್ಲಿ ಅದು ರದ್ದಾಯಿತು. 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರಾಕ್ಕೆ ಬಂದಾಗ ಎಲ್ಲರಿಗೂ ತಮ್ಮ ಕುಲದ್ದು ಬೇಕಾಯಿತು. ಬ್ಯಾನಕ್‌ಬರ್ನಿನ ವಿಲ್ಸನ್ ನೇಕಾರರ ಹತ್ತಿರ 1819ರ ಮಾದರಿ ಪುಸ್ತಕವೇ ಇತ್ತು. ಇಂದು ಊರುಗಳಿಗೆ, ಸಂಸ್ಥೆಗಳಿಗೆ, ಒಬ್ಬೊಬ್ಬ ವ್ಯಕ್ತಿಗೂ ಟಾರ್ಟನ್ ಇವೆ. ರಾಜಮನೆತನದ ಬಾಲ್ಮೋರಲ್ ಟಾರ್ಟನ್ ಮಾತ್ರ ಬೇರೆಯವರು ಉಡುವ ವಾಡಿಕೆ ಇಲ್ಲ.

ನೋಂದಣಿ ಆಗುವುದು ಸ್ಕಾಟಿಷ್ ರಿಜಿಸ್ಟರ್ ಆಫ್ ಟಾರ್ಟನ್ಸ್‌ನಲ್ಲಿ. 2008ರ ಕಾನೂನಿನಂತೆ ಹುಟ್ಟಿ 2009ರ ಫೆಬ್ರವರಿಯಲ್ಲಿ ಶುರುವಾದದ್ದು, ಎಡಿನ್‌ಬರಾದ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್ ನಡೆಸುತ್ತದೆ. ಶುಲ್ಕವನ್ನು ಅವರ ಜಾಲತಾಣದಲ್ಲೇ ನೋಡಿ. ವಿನ್ಯಾಸ ಈಗಿರುವ ಟಾರ್ಟನ್‌ಗಳಿಗಿಂತ ಬೇರೆಯಾಗಿರಬೇಕು. ಹೆಸರಿಗೂ ನಿಮಗೂ ಏನು ಸಂಬಂಧ ಅಂತಲೂ ಹೇಳಬೇಕು. ಬರೀ ಮನೆತನದ ಹೆಸರು ಕೊಟ್ಟರೆ ಆ ಹೆಸರಿನ ಎಲ್ಲರಿಗೂ ಸೇರಿದ್ದು ಅನ್ನುವ ಅರ್ಥ ಬರುತ್ತದೆ. ಅದಕ್ಕೆ ಮನೆತನದ ಹೆಸರಿನ ಜೊತೆ ಊರಿನ ಹೆಸರೋ ಮಗನ ಹೆಸರೋ ಸೇರಿಸಿ, ವೈಯಕ್ತಿಕ ಟಾರ್ಟನ್ ಅಂತ ಅರ್ಜಿ ಹಾಕಿ. ನಮ್ಮಲ್ಲಿ ಕೊನೆಯ ಹೆಸರು ಹೇಗೆ ಬರುತ್ತದೆ ಅನ್ನುವುದನ್ನು ಅರ್ಜಿಯಲ್ಲಿ ನಾಲ್ಕು ಸಾಲಿನಲ್ಲಿ ಬಿಡಿಸಿ ಹೇಳಿ. ಬಣ್ಣಗಳ ಹಿನ್ನೆಲೆಯನ್ನೂ, ಅತ್ತೆಯವರ ಸೀರೆಯನ್ನೂ ಬರೆಯಿರಿ. ಅದು ದಾಖಲೆಯಲ್ಲಿ ಉಳಿಯುತ್ತದೆ.

ಉಡುವುದಕ್ಕೆ ನೋಂದಣಿ ಕಡ್ಡಾಯವಲ್ಲ. ಎಳೆ ಲೆಕ್ಕ ಪಕ್ಕಾ ಆಗುವ ತನಕ ಅರ್ಜಿ ಹಾಕಬೇಡಿ.

ಇಳಕಲ್ಲಿನ ಸೊಸೆ:

ಎರಡನೇ ತುಂಡು ಬಂತು. ಒಗೆದು ಅಳೆದೆ, ಎರಡೂ ಕಡೆ 6 ಇಂಚಿನ ಹತ್ತಿರ. ಹಳದಿ ಈಗ ದಾರದ ಹಾಗೆ ತೆಳ್ಳಗೆ ಹೋಗಿದೆ. ಕೆಂಪು ಕೆಂಪಾಗಿಯೇ ಕಾಣುತ್ತಿದೆ. ಮಾವನವರು ಬಟ್ಟೆಯನ್ನು ಕಿಟಕಿ ಹತ್ತಿರ ಒಯ್ದು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಟೈ ನನಗೂ ಒಂದು ಇರ್ಲಿ’ ಅಂದರು. ಟೈಗೂ ಇದೇ ಬಟ್ಟೆ ನಡೆಯುತ್ತಾ?

ನೂಲೆಳೆ:

ಟೈ ಕಿರಿದು, 6 ಇಂಚಿನ ಸುತ್ತು ಅದರಲ್ಲಿ ಪೂರ್ತಿ ಕಾಣುವುದಿಲ್ಲ. ಲೆಕ್ಕವನ್ನು ಅರ್ಧ ಮಾಡಿ: ಕೆಂಪು 24, ಬಿಳಿ 2, ಕೆಂಪು 6, ನೀಲಿ 24, ಹಸಿರು 10. ಹಳದಿ ಅರ್ಧಕ್ಕೆ 3 ಆಗುತ್ತದೆ, 4 ಮಾಡಿಕೊಳ್ಳಿ. 

ಕಿಲ್ಟ್ ಗೆಳೆಯ:

ಕಿಲ್ಟಿನ ಬಟ್ಟೆ ಆರ್ಡರ್ ಕೊಡುವ ಮೊದಲು ಹೊಲಿಯುವವರ ಜೊತೆ ಮಾತಾಡಿ. ಸಾಮಾನ್ಯವಾಗಿ ಒಂಟಿ ಅಗಲದ್ದು 8 ಗಜ, ಜೋಡಿ ಅಗಲದ್ದಾದರೆ 4 ಗಜ ಬೇಕು. ನೆರಿಗೆ ಎರಡು ಥರ. ಹಿಂದೆಯೂ ಮುಂದಿನ ಹಾಗೇ ಪೂರ್ತಿ ಚೌಕಳಿ ಕಾಣುವ ಥರ ಒಂದು. ಪ್ರತಿ ನೆರಿಗೆಯ ನಡುವೆ ಒಂದೇ ಪಟ್ಟೆ ಕೂರಿಸುವುದು ಇನ್ನೊಂದು, ಸೈನ್ಯದ ಕಿಲ್ಟುಗಳಲ್ಲಿ ಹೆಚ್ಚು. ನಿಮ್ಮ ವಿನ್ಯಾಸಕ್ಕೆ ಮೊದಲನೆಯದನ್ನೇ ಕೇಳಿ. ಎರಡನೆಯದರಲ್ಲಿ ಹಳದಿ ಗೆರೆ ಇಟ್ಟರೆ ಕೆಂಪು ನೆರಿಗೆಯೊಳಗೆ ಅಡಗಿ ಹೋಗುತ್ತದೆ, ನಡೆಯುವಾಗ ಮಾತ್ರ ಕಾಣುತ್ತದೆ.