ವಿರಾಜಪೇಟೆಯಿಂದ ಮ್ಯೂನಿಕ್‌ಗೆ, ಮೊದಲು ಏನು ಮಾಡಬೇಕು?

ಪ್ರಶ್ನೆ: ಮುಂದಿನ ತಿಂಗಳು ಕೆಲಸಕ್ಕೆ ಜರ್ಮನಿಗೆ ಹೊರಟಿದ್ದೇನೆ. ಅಮ್ಮ ಈಗಲೇ ಹಂದಿ ಉಪ್ಪಿನಕಾಯಿ, ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ) ಬಾಟಲಿ ಎಲ್ಲಾ ಜೋಡಿಸಿಟ್ಟಿದ್ದಾರೆ. ಅಲ್ಲಿ ಹೋದ ತಕ್ಷಣ ಏನೇನು ಮಾಡಿಸಬೇಕು?

ಉತ್ತರ 1: ಹಂದಿ ಉಪ್ಪಿನಕಾಯಿ ಮನೆಯಲ್ಲೇ ಬಿಡಿ, ಇಲ್ಲಿಂದ ಅಲ್ಲಿಗೆ ಮಾಂಸ, ಹಾಲಿನ ಪದಾರ್ಥ ಒಯ್ಯುವ ಹಾಗಿಲ್ಲ. ಕಾಚಂಪುಳಿಯನ್ನು ಚೆಕ್‌ಇನ್ ಬ್ಯಾಗಿಗೆ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ. ನನ್ನದು ಸೋರಿ ಬಿಳಿ ಷರ್ಟೆಲ್ಲಾ ಕಪ್ಪು!

ಉತ್ತರ 2: ಅಲ್ಲಿನ ಮನೆಗೆ ಹೋದ 2 ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಅದಕ್ಕೆ ಮನೆ ಮಾಲೀಕರ ಪತ್ರ ಬೇಕು, ಬಾಡಿಗೆ ಕರಾರು ಒಂದೇ ಸಾಲದು. ಭಾನುವಾರ ಅಂಗಡಿ ಬಂದ್, ಶನಿವಾರವೇ ಅಕ್ಕಿ ತಂದಿಡಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ಉಪ್ಪಿನಕಾಯಿ ವಿಷಯ ಅಮ್ಮನಿಗೆ ಹೇಳೋದು ಹೇಗೆ ಅಂತಾನೂ ಯಾರಾದ್ರೂ ಹೇಳಿ.