ಸಹಾಯ ಬೇಕು: 5 ಕಿಲೋ ಹೆಸರುಕಾಳು ಕೆಡದಂಗ ಮೊಳಕಿ ಬರಿಸೋದು ಹೆಂಗ್ರಿ?

ಅಣ್ಣಾರ, ಅಕ್ಕಾರ, ಬರೋ ಐತವಾರ ಮುಂಜಾನೆ ಹುಬ್ಬಳ್ಳಿ ಉಣಕಲ್ ಕೆರಿ ದಂಡ್ಯಾಗ ಮನಿಮಂದಿ ಎಲ್ಲಾ ಕೂಡಿ ನಡಿಯೋ ಕಾರ್ಯಕ್ರಮ ಐತ್ರಿ. ನಡದು ಬಂದ 150 ಮಂದಿಗೆ ಜ್ವಾಳದ ಅಂಬಲಿ, ಮೊಳಕಿ ಹೆಸರಿನ ಕೋಸಂಬರಿ. ಅಂಬಲಿದು ಚಿಂತಿಲ್ಲ, ತ್ರಾಸ ಮೊಳಕಿದು.

5 ಕಿಲೋ ಕಾಳು 8 ತಾಸು ನೆನಸಿ, ಬಸಿದು, ಒಂದ ಅರಿವ್ಯಾಗ ಗಂಟು ಕಟ್ಟಿ ನೋಡಿದ್ವಿ. 12 ತಾಸಿಗೆ ಬಿಚ್ಚಿದ್ರ ಮ್ಯಾಲಿನವು ಚಲೋ, ನಡುವಿನವು ಕಾವು ಹಿಡದು ಲೋಳಿ ಲೋಳಿ, ಹುಳಿ ವಾಸನಿ. ಕಿಲೋಕ್ಕೊಂದು ಗಂಟು ಮಾಡಿ 4 ತಾಸಿಗೊಮ್ಮೆ ತೊಳದ್ವಿ. ವಾಸನಿ ಹೋತು, ಆದ್ರ ಮೊಳಕಿ ಮುರದು ಉದುರಿದ್ವು. ಸಣ್ಣ ಹುಡುಗ್ರು ತಿಂತಾರಂತ 5 ನಿಮಿಷ ಉಗಿಯಾಗ ಬೇಯಿಸಾವ್ರದೀವಿ. ಉಪ್ಪು, ಸೌತಿಕಾಯಿ ಬಡಿಸೋ ಮುಂದ.

ಗಂಟು ಬಿಟ್ಟು ಬಿದಿರಿನ ಬುಟ್ಟ್ಯಾಗ ಹರವಿದ್ರ, ಎಷ್ಟು ಬಟ್ಟು ದಪ್ಪ ಹರವಬೇಕು, ಎಷ್ಟು ತಾಸಿಗೊಮ್ಮೆ ನೀರು ಚಿಮುಕಿಸಬೇಕು? ಮಾಡಿದವ್ರು ಹೇಳ್ರಿ.