ಬ್ರಿಟನ್ನಿನ ಬಿರುದಿನ ಸ್ಮಿತ್‌ಗಳೆಲ್ಲ ಒಂದೇ ಮನೆಯವರಾ?

ಹಾಳೆಗಾರ:
ಡ್ಯೂಕ್, ಅರ್ಲ್, ವೈಕೌಂಟ್, ಬ್ಯಾರನ್ ಅಂತ ಬಿರುದಿರುವ ಬ್ರಿಟನ್ನಿನ ಮನೆತನಗಳ ವಂಶವೃಕ್ಷವನ್ನು ಒಂದು ದೊಡ್ಡ ಹಾಳೆಯಲ್ಲಿ ಬರೆಯಲು ಕೂತಿದ್ದೇನೆ. ಸರ್‌ನೇಮ್ ಒಂದೇ ಆದರೆ ಮನೆಯೂ ಒಂದೇ ಅಂದುಕೊಂಡಿದ್ದೆ. ಹವರ್ಡ್‌ಗಳು ಈ ಲೆಕ್ಕಕ್ಕೆ ಸರಿಯಾಗಿ ಸಿಕ್ಕರು. ನಾರ್ಫೋಕ್ ಡ್ಯೂಕ್, ಸಫೋಕ್ ಅರ್ಲ್, ಕಾರ್ಲೈಲ್ ಅರ್ಲ್, ಮೂವರೂ ಹವರ್ಡ್‌ಗಳೇ. ಸ್ಮಿತ್‌ಗಳ ಹತ್ತಿರ ಬಂದಾಗ ಹಾಳೆ ಹಾಳಾಯಿತು, ರಬ್ಬರ್ ಉಜ್ಜಿ ಉಜ್ಜಿ ತೂತೇ ಬಿದ್ದಿದೆ. ಬರ್ಕನ್‌ಹೆಡ್ ಅರ್ಲ್ ಸ್ಮಿತ್, ಹ್ಯಾಂಬಲ್ಡೆನ್ ವೈಕೌಂಟ್ ಸ್ಮಿತ್, ಕ್ಯಾರಿಂಗ್ಟನ್ ಬ್ಯಾರನ್ ಕೂಡ ಮೂಲದಲ್ಲಿ ಸ್ಮಿತ್. ಇವರೆಲ್ಲ ದಾಯಾದಿಗಳಾ?

ಹಳೇಕಡತ:
ಅಲ್ಲ ಮಾರಾಯರೇ! ಕ್ಯಾರಿಂಗ್ಟನ್ ಆದವನು ನಾಟಿಂಗ್‌ಹ್ಯಾಮ್‌ನ ಬ್ಯಾಂಕಿನ ಮನೆಯ ರಾಬರ್ಟ್ ಸ್ಮಿತ್, 1796ರಲ್ಲಿ. ಅವನ ಮಗ 1839ರಲ್ಲಿ ಸ್ಮಿತ್ ಅನ್ನೋದನ್ನೇ ಬಿಟ್ಟು ಕ್ಯಾರಿಂಗ್ಟನ್ ಅಂತ ಸರ್‌ನೇಮ್ ಇಟ್ಟುಕೊಂಡ. ಹ್ಯಾಂಬಲ್ಡೆನ್ ಬಿರುದು ರೈಲ್ವೆ ಸ್ಟೇಷನ್ನುಗಳಲ್ಲಿ ಪುಸ್ತಕದ ಅಂಗಡಿ ಇಟ್ಟ ಡಬ್ಲ್ಯೂ. ಎಚ್. ಸ್ಮಿತ್‌ನ ಮನೆಗೆ ಬಂದಿದ್ದು. ಆತ ತೀರಿಕೊಂಡ ಮೇಲೆ, 1891ರಲ್ಲಿ, ಅದು ಸಿಕ್ಕಿದ್ದು ಹೆಂಡತಿಗೆ. ಎಫ್. ಇ. ಸ್ಮಿತ್ ವಕೀಲ. ಹುಟ್ಟಿದ ಊರು ಬರ್ಕನ್‌ಹೆಡ್‌ನ ಹೆಸರಲ್ಲೇ 1922ರಲ್ಲಿ ಅರ್ಲ್ ಆದ. 1985ಕ್ಕೆ ಆ ಬಿರುದೂ ಮುಗಿಯಿತು, ಗಂಡು ಸಂತಾನ ಇರಲಿಲ್ಲ.

ಸಾಮಾನ್ಯವಾಗಿ ಬಿರುದು ಇಳಿಯುವುದು ಅದನ್ನು ಮೊದಲು ಪಡೆದವನ ಗಂಡು ಸಂತಾನಕ್ಕೆ ಮಾತ್ರ. ಅವನ ಅಣ್ಣನ ಮಕ್ಕಳಿಗೂ ಇಲ್ಲ. ಇನ್ನು ಸರ್‌ನೇಮ್‌ಗೆ ಅಲ್ಲೇನು ಕೆಲಸ?

ಹವರ್ಡ್‌ಗಳ ಕಥೆ ಬೇರೆ. ನಾಲ್ಕನೇ ನಾರ್ಫೋಕ್ ಡ್ಯೂಕ್‌ನ ತಲೆ 1572ರಲ್ಲಿ ಹಾರಿತು. ಅವನಿಗೆ ಮೂವರು ಗಂಡುಮಕ್ಕಳು: ಫಿಲಿಪ್, ಥಾಮಸ್, ವಿಲಿಯಂ. ಫಿಲಿಪ್‌ನ ಕವಲಿಗೆ ನಾರ್ಫೋಕ್ ಬಿರುದು 1660ರಲ್ಲಿ ಮರಳಿ ಸಿಕ್ಕಿತು. ಥಾಮಸ್ 1603ರಲ್ಲಿ ಸಫೋಕ್ ಅರ್ಲ್ ಆದ. ವಿಲಿಯಂನ ಮರಿಮಗ 1661ರಲ್ಲಿ ಕಾರ್ಲೈಲ್ ಅರ್ಲ್. ನಿಮ್ಮ ಹಾಳೆ ಅಲ್ಲಿ ಸರಿ ಬಂದಿದ್ದು ಅದಕ್ಕೇ.

ಸುಮ್ನೆಓದುಗ:
ಬ್ಯಾರೊನೆಟ್‌ಗಳಿಗೆ ಕೈ ಹಾಕಿದ್ದೀರಾ? ಬ್ಯಾರನ್‌ಗಿಂತ ಕೆಳಗಿನ, ಮಗನಿಗೆ ಇಳಿಯುವ ‘ಸರ್’ ಬಿರುದು ಅದು. ಸ್ಮಿತ್‌ಗಳು ಅಲ್ಲಿ ಇನ್ನೂ ಜಾಸ್ತಿ. ಹೊಸ ಬಿರುದು ಬಂದಾಗೆಲ್ಲ ಒಂದನೇ, ಎರಡನೇ ಅಂತ ಎಣಿಕೆ ಮೊದಲಿಂದ ಶುರು. ಯಾವ ಊರಿನ ಬ್ಯಾರೊನೆಟ್ ಅಂತ ಹೆಸರಿನ ಜೊತೆ ಬರೆದಿರುತ್ತಾರೆ, ಅದನ್ನು ಬಿಡಬೇಡಿ. ಅಂದಹಾಗೆ 1611ರಲ್ಲಿ ಒಂದನೇ ಜೇಮ್ಸ್ ಇದನ್ನು 1,095 ಪೌಂಡಿಗೆ ಮಾರಿದ. 30 ಸೈನಿಕರಿಗೆ ಮೂರು ವರ್ಷದ ಸಂಬಳ, ತಲೆಗೆ ದಿನಕ್ಕೆ 8 ಪೆನ್ಸ್ (ಆಗ ಪೌಂಡಿಗೆ 240 ಪೆನ್ಸ್). ಗುಣಿಸಿ ನೋಡಿ, ಸರಿಯಾಗಿ ಬರುತ್ತದೆ.

ಹಾಳೆಗಾರ:
ಗುಣಿಸಿದೆ, ಬಂತು! ಹೊಸ ಹಾಳೆ ತಂದಿದ್ದೇನೆ. ಆದರೆ 1857ರ ಬಾಂಬೆಯ ಜೀಜೀಭಾಯ್ ಬ್ಯಾರೊನೆಟ್‌ಗಳನ್ನು ನೋಡಿದರೆ ಎಲ್ಲರೂ ಜಮ್‌ಷೆಟ್‌ಜಿ! ಪಟ್ಟಿ ಮಾಡಿದವರ ತಪ್ಪಾ?

ಹಳೇಕಡತ:
ತಪ್ಪಲ್ಲ. ಅದು ನಿಜವಾಗಿ ಒಂದೇ ಮನೆ. ಬಿರುದಿಗೆ ಬಂದವನು ತನ್ನ ಹೆಸರು ಬಿಟ್ಟು ಅದೇ ಹೆಸರು ಇಟ್ಟುಕೊಳ್ಳಬೇಕು ಅಂತ ಕಾನೂನೇ ಮಾಡಿಸಿದ್ದರು. ಹುಟ್ಟಿದಾಗಿನ ಹೆಸರನ್ನು ಪಕ್ಕದಲ್ಲಿ ಬರೆದುಕೊಳ್ಳಿ, ಪೆನ್ಸಿಲ್‌ನಲ್ಲಿ.